ಒಂದು ಸೋಮವಾರದ ಶಾಸನ: ಬ್ಯಾಂಕರ್ ಜಾನ್ ಲಬಕ್

ವರ್ಷಾಂತ್ಯದಲ್ಲಿ ರಾಜ್ಯ ಸರ್ಕಾರಗಳು ಮುಂದಿನ ವರ್ಷದ ರಜೆಗಳ ಅಧಿಸೂಚನೆಯನ್ನು ಹೊರಡಿಸುತ್ತವೆ. ಪಟ್ಟಿಯಲ್ಲಿ ದೀಪಾವಳಿ ಯಾವ ವಾರ ಬಂದಿದೆ ಎಂದು ನೋಡುವ ಆತುರದಲ್ಲಿ ನಾವು ಅದರ ಮೊದಲ ವಾಕ್ಯವನ್ನು ಓದುವುದಿಲ್ಲ. ಓದಿದರೆ ಅಲ್ಲೊಂದು ವೈಚಿತ್ರ್ಯ ಕಾಣುತ್ತದೆ. ಯುಗಾದಿಯಾಗಲಿ, ಬಕ್ರೀದ್ ಆಗಲಿ, ಕ್ರಿಸ್‌ಮಸ್ ಆಗಲಿ, ಬ್ಯಾಂಕುಗಳ ಮಟ್ಟಿಗೆ ಸಾರ್ವಜನಿಕ ರಜೆಯಾಗುವುದು 1881ರ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 25ನೆಯ ಕಲಮಿನ ಬಲದಿಂದ. ಅದು ಹುಂಡಿ, ಚೆಕ್ಕು, ಪ್ರಾಮಿಸರಿ ನೋಟುಗಳಿಗೆ ಸಂಬಂಧಿಸಿದ ಕಾಯಿದೆ. ಸಾಲಪತ್ರಗಳ ಕಾನೂನಿಗೂ ಹಬ್ಬದ ಬಿಡುವಿಗೂ ಏನು ನಂಟು?

ನಂಟು ಇದೆ. ಹುಂಡಿಯೆಂದರೆ ಇಂಥ ದಿನ ಇಷ್ಟು ಹಣ ಕೊಡುತ್ತೇನೆಂಬ ವಾಗ್ದಾನ. ಆ ದಿನ ಬ್ಯಾಂಕಿನ ಬಾಗಿಲು ಮುಚ್ಚಿದ್ದರೆ ವಾಗ್ದಾನದ ಗತಿಯೇನು ಎಂಬ ಪ್ರಶ್ನೆಗೆ ಕಾನೂನು ಉತ್ತರ ಹೇಳಲೇಬೇಕು. ಹಾಗೆ ಹೇಳಹೊರಟಾಗ ಯಾವ ಯಾವ ದಿನ ಬಾಗಿಲು ಮುಚ್ಚಬಹುದೆಂಬುದನ್ನೂ ಅದು ಹೇಳಬೇಕಾಗುತ್ತದೆ. ಶುಷ್ಕವೆಂದು ತೋರುವ ಈ ಸಣ್ಣ ಸಂದಿಯ ಮೂಲಕ ಒಂದು ದೇಶದ ಜನರಿಗೆ ವಿರಾಮವನ್ನು ದೊರಕಿಸಿಕೊಟ್ಟ ಒಬ್ಬ ಬ್ಯಾಂಕರ್ ಇದ್ದ. ನಮ್ಮ ಕಾಯಿದೆಗಿಂತ ಹತ್ತು ವರ್ಷ ಮೊದಲು, 1871ರಲ್ಲಿ, ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಬ್ಯಾಂಕ್ ರಜೆಗಳ ಮಸೂದೆಯನ್ನು ಮಂಡಿಸಿ ಗೆಲ್ಲಿಸಿದ ಆತನ ಹೆಸರು ಸರ್ ಜಾನ್ ಲಬಕ್.

ಲಬಕ್ ಹುಟ್ಟಿದ್ದು 1834ರ ಏಪ್ರಿಲ್ 30ರಂದು, ಲಂಡನ್ನಿನಲ್ಲಿ. ಮನೆತನ ಬ್ಯಾಂಕಿನದು, ತಂದೆ ಸರ್ ಜಾನ್ ವಿಲಿಯಂ ಲಬಕ್ ಬ್ಯಾಂಕರ್ ಆಗಿದ್ದಂತೆಯೇ ಗಣಿತ ಮತ್ತು ಖಗೋಳಶಾಸ್ತ್ರಗಳಲ್ಲಿ ಹೆಸರು ಮಾಡಿದ್ದವನು. ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯ ಬಳಿ ಹೈ ಎಲ್ಮ್ಸ್ ಎಂಬುದು ಅವರ ಎಸ್ಟೇಟು. ಬಾಲಕನಿಗೆ ಎಂಟು ವರ್ಷವಾಗಿದ್ದಾಗ ಒಂದು ಸಂಜೆ ತಂದೆ ಮನೆಗೆ ಬಂದು ದೊಡ್ಡ ಸುದ್ದಿಯೊಂದಿದೆ ಎಂದನಂತೆ. ತನಗೊಂದು ಮರಿಕುದುರೆ ಸಿಗಲಿದೆ ಎಂದು ಹುಡುಗ ಹಿಗ್ಗಿದ. ಸುದ್ದಿ ಬೇರೆಯೇ ಆಗಿತ್ತು: ಚಾರ್ಲ್ಸ್ ಡಾರ್ವಿನ್ ಎಂಬಾತ ನೆರೆಯಲ್ಲಿ ಬಂದು ನೆಲಸಲಿದ್ದಾನೆ. ಆ ಗಳಿಗೆಯ ನಿರಾಸೆಯನ್ನು ಲಬಕ್ ಮುಂದೆ ನಗುತ್ತ ನೆನೆಯುತ್ತಿದ್ದ. ಹುಡುಗನಿಗೊಂದು ಸೂಕ್ಷ್ಮದರ್ಶಕ ಕೊಡಿಸುವಂತೆ ತಂದೆಯನ್ನು ಒಪ್ಪಿಸಿದವನು ಡಾರ್ವಿನ್ನನೇ. ಡಾರ್ವಿನ್ ನಿತ್ಯ ಸುತ್ತುಹಾಕುತ್ತ ಆಲೋಚಿಸುತ್ತಿದ್ದ ಪ್ರಸಿದ್ಧ ಕಾಲುದಾರಿ ಕೂಡ ಲಬಕ್ ಮನೆತನದಿಂದ ಗೇಣಿಗೆ ಪಡೆದ ನೆಲದಲ್ಲಿತ್ತು.

ಇಂಥ ನೆರೆಯಿದ್ದ ಹುಡುಗ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಬಹುದಿತ್ತು, ಹತ್ತಲಿಲ್ಲ. ಬ್ಯಾಂಕಿನಲ್ಲಿ ಆಳು ಸಾಲದೆ ಬಂದದ್ದರಿಂದ 1849ರಲ್ಲಿ, ಹದಿನೈದರ ಆಸುಪಾಸಿನಲ್ಲಿ, ಅವನನ್ನು ಈಟನ್ ಶಾಲೆಯಿಂದ ಬಿಡಿಸಿ ಲಂಡನ್ನಿನ ಗದ್ದಿಗೆ ಕರೆತರಲಾಯಿತು. ಇಪ್ಪತ್ತೆರಡನೆಯ ವಯಸ್ಸಿಗೆ ಅವನು ಪಾಲುದಾರ. ಮುಂದೆ ರಾಬರ್ಟ್ಸ್, ಲಬಕ್ ಅಂಡ್ ಕಂಪನಿ ಎಂದು ಹೆಸರಾದ ಆ ಬ್ಯಾಂಕಿನಲ್ಲಿ ಅವನ ಆಯುಷ್ಯದ ಬಹುಭಾಗ ಕಳೆಯಿತು. ಜೀವಶಾಸ್ತ್ರ, ಪ್ರಾಗಿತಿಹಾಸ, ಸಸ್ಯಶಾಸ್ತ್ರಗಳಲ್ಲಿ ಅವನು ಮಾಡಿದ್ದೆಲ್ಲವೂ ಕಚೇರಿಯ ಮುಂಚಿನ ಮತ್ತು ಅನಂತರದ ಗಂಟೆಗಳಲ್ಲಿ ಮಾಡಿದ್ದು. 1858ರಲ್ಲಿ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡಾಗ ಅವನಿಗಿನ್ನೂ ಇಪ್ಪತ್ತನಾಲ್ಕು ವರ್ಷ. ನೌಕರಿಯ ನಡುವೆ ಓದು ಬರಹಗಳಿಗೆ ಹೊತ್ತು ಹೊಂದಿಸಿಕೊಳ್ಳುವ ನಮ್ಮಂಥವರಿಗೆ ಅವನ ಈ ಶಿಸ್ತು ಅಸೂಯೆ ಹುಟ್ಟಿಸುವಂಥದು. ಆದರೆ ಒಂದು ಭೇದವನ್ನು ಮರೆಯಲಾಗದು: ಅವನು ಬ್ಯಾಂಕಿನ ಗುಮಾಸ್ತನಲ್ಲ, ಒಡೆಯರಲ್ಲೊಬ್ಬ. ತನ್ನ ಗಂಟೆಗಳನ್ನು ತಾನೇ ಹಂಚಿಕೊಳ್ಳುವ ಸ್ವಾತಂತ್ರ್ಯ ಅವನಿಗಿತ್ತು. ಅವನ ಎದುರಿನ ಮೇಜುಗಳಲ್ಲಿ ಕೂತವರಿಗೆ ಇರಲಿಲ್ಲ. ಈ ಭೇದ ಅವನ ಕಣ್ಣಿಗೂ ಬಿತ್ತೆಂಬುದೇ ಅವನ ಸಾರ್ವಜನಿಕ ಜೀವನದ ಸಾರಾಂಶ.

ಆ ಮೇಜುಗಳ ಸ್ಥಿತಿಯನ್ನು ಸ್ವಲ್ಪ ನೋಡೋಣ. ಹಿಂದಿನ ಕಾಲದಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಸಂತರ ಸ್ಮರಣೆಯ ದಿನಗಳನ್ನೂ ಇತರ ಪರ್ವಗಳನ್ನೂ ಸೇರಿಸಿ ವರ್ಷಕ್ಕೆ ಸುಮಾರು 33 ದಿನ ಬಾಗಿಲು ಮುಚ್ಚುತ್ತಿತ್ತು. ವ್ಯಾಪಾರದ ವೇಗ ಹೆಚ್ಚಿದಂತೆ ಸಂತರ ಮೇಲಿನ ಭಕ್ತಿ ಇಳಿಯಿತು. 1834ರ ಹೊತ್ತಿಗೆ ಉಳಿದದ್ದು ನಾಲ್ಕೇ ದಿನ: ಗುಡ್ ಫ್ರೈಡೆ, ಮೇ 1, ನವೆಂಬರ್ 1, ಕ್ರಿಸ್‌ಮಸ್. ಗಿರಣಿಯ ಹೆಂಗಸರಿಗೂ ಮಕ್ಕಳಿಗೂ ಕೆಲಸದ ಗಂಟೆಗಳ ಮಿತಿಯನ್ನು ಕಾರ್ಖಾನೆ ಕಾಯಿದೆಗಳು ನಿಧಾನವಾಗಿ ತರುತ್ತಿದ್ದವು. ಗುಮಾಸ್ತನಿಗೂ ಅಂಗಡಿಯ ಸಹಾಯಕನಿಗೂ ಅಂಥದೊಂದು ಕಾಯಿದೆ ಇರಲಿಲ್ಲ. ಕೈಗೆ ಮಸಿಯಷ್ಟೇ ಅಂಟುವ ಕೆಲಸ ಶ್ರಮವೆನಿಸಿಕೊಳ್ಳಲು ಬಹಳ ಕಾಲ ಬೇಕಾಯಿತು.

ಎರಡು ಚುನಾವಣೆಗಳಲ್ಲಿ ಸೋತ ಮೇಲೆ ಲಬಕ್ 1870ರಲ್ಲಿ ಮೇಡ್‌ಸ್ಟನ್ ಕ್ಷೇತ್ರದಿಂದ ಲಿಬರಲ್ ಪಕ್ಷದ ಸದಸ್ಯನಾಗಿ ಕಾಮನ್ಸ್ ಸಭೆಗೆ ಬಂದ. ಮರುವರ್ಷವೇ ಬ್ಯಾಂಕ್ ರಜೆಗಳ ಮಸೂದೆ ಸಿದ್ಧವಾಯಿತು. ಅದರ ತರ್ಕ ಬ್ಯಾಂಕರನಿಗೆ ಮಾತ್ರ ಹೊಳೆಯಬಹುದಾದದ್ದು. ಯಾವ ಬ್ಯಾಂಕೂ ತಾನೊಂದೇ ಬಾಗಿಲು ಮುಚ್ಚುವಂತಿರಲಿಲ್ಲ. ಮುಚ್ಚಿದ ದಿನ ಹುಂಡಿಯೊಂದರ ವಾಯಿದೆ ಮುಗಿದು, ಹಣ ಸಲ್ಲದೆ, ಹುಂಡಿ ಅಮಾನ್ಯವಾದರೆ ಬ್ಯಾಂಕಿನ ಮಾನವೇ ಹೋಗುತ್ತದೆ. ಒಡೆಯನಿಗೆ ಎಷ್ಟೇ ದಯೆಯಿದ್ದರೂ ಗುಮಾಸ್ತನಿಗೆ ರಜೆ ಕೊಡುವುದು ಅವನ ಕೈಯಲ್ಲಿರಲಿಲ್ಲ. ಎಲ್ಲರೂ ಒಟ್ಟಿಗೆ ಮುಚ್ಚಿದರೆ ಮಾತ್ರ ಯಾರಿಗೂ ನಷ್ಟವಿಲ್ಲ. ಎಲ್ಲರನ್ನೂ ಒಟ್ಟಿಗೆ ಮುಚ್ಚಿಸಬಲ್ಲದ್ದು ಕಾನೂನೊಂದೇ.

ಹಳೆಯ ನಿಯಮದಂತೆ ಹುಂಡಿಯ ವಾಯಿದೆ ಭಾನುವಾರವೋ ಕ್ರಿಸ್‌ಮಸ್ಸಿನಂದೋ ಬಿದ್ದರೆ ಹಿಂದಿನ ದಿನವೇ ಹಣ ಸಲ್ಲಿಸಬೇಕಿತ್ತು. ಹೊಸ ರಜೆಗಳಿಗೂ ಇದನ್ನೇ ಅನ್ವಯಿಸಿದ್ದರೆ ಸಾಲ ತೀರಿಸುವವನಿಗೆ ಒಂದು ದಿನ ಕಡಿಮೆಯಾಗಿ, ವರ್ತಕರು ರಜೆಯನ್ನೇ ಶಪಿಸುತ್ತಿದ್ದರು. ಲಬಕ್‌ನ ಕಾಯಿದೆ ಇದನ್ನು ತಿರುಗಿಸಿ, ವಾಯಿದೆ ಬ್ಯಾಂಕ್ ರಜೆಯ ದಿನ ಬಿದ್ದರೆ ಮರುದಿನ ಹಣ ಸಂದಾಯವಾಗತಕ್ಕದ್ದೆಂದು ವಿಧಿಸಿತು. ಬಿಡುವು ಗುಮಾಸ್ತನಿಗಷ್ಟೇ ಅಲ್ಲ, ಸಾಲಗಾರನಿಗೂ ದಕ್ಕಿತು. ಅದರ ಜೊತೆಗೆ ಇನ್ನೊಂದು ಕಲಂ: ಕ್ರಿಸ್‌ಮಸ್ ಅಥವಾ ಗುಡ್ ಫ್ರೈಡೆಯಂದು ಮಾಡಬೇಕೆಂಬ ಕಟ್ಟುಪಾಡಿಲ್ಲದ ಯಾವ ಪಾವತಿಯನ್ನೂ ಯಾವ ಕಾರ್ಯವನ್ನೂ ಬ್ಯಾಂಕ್ ರಜೆಯಂದು ಮಾಡುವಂತೆ ಯಾರನ್ನೂ ಬಲವಂತಪಡಿಸುವಂತಿಲ್ಲ. ನೋಡಲು ಸಾಧಾರಣ ವಾಕ್ಯ. ಆದರೆ ಅದು ಬ್ಯಾಂಕಿನ ಗೋಡೆಯ ಆಚೆಗೂ ಚಾಚಿತ್ತು. ಬ್ಯಾಂಕು ಮುಚ್ಚಿದ ದಿನ ವರ್ತಕನ ಕಚೇರಿಗೆ ಕೆಲಸವಿಲ್ಲ. ಕಚೇರಿ ಮುಚ್ಚಿದರೆ ಅಂಗಡಿಗೂ ಕಾರ್ಖಾನೆಗೂ ಹೆಚ್ಚು ಹೊತ್ತು ತೆರೆದಿರುವ ಕಾರಣವಿಲ್ಲ. ಇದಕ್ಕೆ ಸಾರ್ವತ್ರಿಕ ರಜೆಯ ಮಸೂದೆಯೆಂದೋ ರಾಷ್ಟ್ರೀಯ ರಜೆಯ ಮಸೂದೆಯೆಂದೋ ಹೆಸರಿಟ್ಟಿದ್ದರೆ ವಿರೋಧ ಖಂಡಿತವಾಗಿ ಏಳುತ್ತಿತ್ತೆಂದು ಲಬಕ್ ಮುಂದೆ ತಾನೇ ಹೇಳಿಕೊಂಡಿದ್ದಾನೆ. ಸೌಮ್ಯವಾದ ಹೆಸರು ಹೊತ್ತ ಮಸೂದೆ ಸದ್ದಿಲ್ಲದೆ ದಾಟಿ 1871ರ ಮೇ 25ರಂದು ರಾಜಮುದ್ರೆ ಪಡೆಯಿತು.

ಗುಡ್ ಫ್ರೈಡೆ ಮತ್ತು ಕ್ರಿಸ್‌ಮಸ್ ರೂಢಿಯಿಂದಲೇ ರಜೆಗಳಾಗಿದ್ದವು. ಇಂಗ್ಲೆಂಡಿಗೆ ಹೊಸದಾಗಿ ದೊರೆತದ್ದು ನಾಲ್ಕು: ಈಸ್ಟರಿನ ಮರುದಿನದ ಸೋಮವಾರ, ವಿಟ್ಸನ್ ಹಬ್ಬದ ಮರುದಿನದ ಸೋಮವಾರ, ಆಗಸ್ಟ್ ತಿಂಗಳ ಮೊದಲ ಸೋಮವಾರ, ಡಿಸೆಂಬರ್ 26. ಇವುಗಳಲ್ಲಿ ಮೂರು ಕ್ರೈಸ್ತ ಪರ್ವಗಳಿಗೆ ಅಂಟಿಕೊಂಡವು. ಆಗಸ್ಟಿನ ಸೋಮವಾರಕ್ಕೆ ಮಾತ್ರ ಅಂಥ ಯಾವ ಆಧಾರವೂ ಇರಲಿಲ್ಲ. ಅಂದು ಯಾವ ಸಂತನ ಸ್ಮರಣೆಯಿಲ್ಲ, ಯಾವ ರಾಜನ ಹುಟ್ಟುಹಬ್ಬವಿಲ್ಲ, ಯಾವ ಯುದ್ಧದ ವಿಜಯವಿಲ್ಲ. ಬೇಸಗೆಯ ನಡುವೆ ಒಂದು ದಿನ, ಜನ ಸುಮ್ಮನಿರಲೆಂದು, ಅಷ್ಟೇ. ವಿರಾಮಕ್ಕೆ ದೇವರ ಅಥವಾ ದೊರೆಯ ನೆಪ ಬೇಕಿಲ್ಲವೆಂದು ಶಾಸನವೊಂದು ಒಪ್ಪಿಕೊಂಡದ್ದರ ಮಹತ್ವವನ್ನು ಇಂದು ನಾವು ಸುಲಭವಾಗಿ ಮರೆಯುತ್ತೇವೆ. 1871ರ ಆಗಸ್ಟ್ 7ರಂದು ಆ ಸೋಮವಾರ ಮೊದಲ ಸಲ ಬಂತು. ಸಮುದ್ರತೀರದ ಊರುಗಳಿಗೆ ಹೊರಟ ರೈಲುಗಳು ತುಂಬಿ ತುಳುಕಿದವು. ಸಂತನಿಲ್ಲದ ದಿನಕ್ಕೆ ಜನ ತಾವೇ ಒಬ್ಬ ಸಂತನನ್ನು ಸೃಷ್ಟಿಸಿಕೊಂಡರು; ಅದನ್ನು ‘ಸೇಂಟ್ ಲಬಕ್ ದಿನ’ ಎಂದು ತಮಾಷೆಯಾಗಿ, ಪ್ರೀತಿಯಿಂದ ಕರೆದರು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಸುಲಭದ ಸ್ತುತಿಯಾಗುತ್ತದೆ. ಕಾಯಿದೆ ಬಾಗಿಲನ್ನು ಮುಚ್ಚಿಸಿತು, ಸಂಬಳದ ಬಗ್ಗೆ ಚಕಾರವೆತ್ತಲಿಲ್ಲ. ತಿಂಗಳ ಸಂಬಳದ ಗುಮಾಸ್ತನಿಗೆ ರಜೆಯೆಂದರೆ ವಿಹಾರ. ದಿನಗೂಲಿಯವನಿಗೆ ಅದು ಕೂಲಿಯಿಲ್ಲದ ಇನ್ನೊಂದು ದಿನ. ಸಂಬಳಸಹಿತ ರಜೆಗೊಂದು ಕಾಯಿದೆ ಬ್ರಿಟನ್ನಿನಲ್ಲಿ ಬರಲು 1938ರವರೆಗೆ ಕಾಯಬೇಕಾಯಿತು. ಅಂಗಡಿ ಸಹಾಯಕರ ಪಾಡು ಇನ್ನೂ ಕಠಿಣ. ವಾರಕ್ಕೆ ಎಂಬತ್ತು ಗಂಟೆ ಮೀರಿ ನಿಂತೇ ದುಡಿಯುವುದು ಅವರಲ್ಲಿ ಅಪರೂಪವಾಗಿರಲಿಲ್ಲ. ಇಲ್ಲಿಯೂ ಲಬಕ್ ಕಂಡದ್ದು ಅದೇ ಗಂಟು: ಎದುರಿನ ಅಂಗಡಿಯ ದೀಪ ಉರಿಯುತ್ತಿರುವತನಕ ಈ ಅಂಗಡಿಯವನು ದೀಪ ಆರಿಸಲಾರ. ಇಲ್ಲಿ ಹುಂಡಿಯಂಥ ಒಂದು ಸಂದಿ ಸಿಗಲಿಲ್ಲ. ವ್ಯಾಪಾರದ ಸ್ವಾತಂತ್ರ್ಯವೆಂಬ ತತ್ತ್ವವನ್ನು ನೇರವಾಗಿ ಎದುರಿಸಬೇಕಾಯಿತು. 1886ರಲ್ಲಿ ಅವನು ಗಳಿಸಿದ್ದು ಹದಿನೆಂಟು ವರ್ಷದೊಳಗಿನವರಿಗೆ ಊಟದ ವೇಳೆಯೂ ಸೇರಿ ವಾರಕ್ಕೆ 74 ಗಂಟೆಯ ಮಿತಿ. ಎಪ್ಪತ್ತನಾಲ್ಕು ಗಂಟೆ! ಇದು ಸುಧಾರಣೆ ಎನಿಸಿಕೊಂಡಿತೆಂದರೆ ಹಿಂದಿನ ಸ್ಥಿತಿಯನ್ನು ಊಹಿಸಬಹುದು. ಅದನ್ನು ಜಾರಿಗೊಳಿಸಲು ಆರಂಭದಲ್ಲಿ ತಪಾಸಣಾಧಿಕಾರಿಗಳೇ ಇರಲಿಲ್ಲ. ಜಾರಿಯ ವ್ಯವಸ್ಥೆಯಿಲ್ಲದ ಆದೇಶ ಏನಾಗುತ್ತದೆಂಬುದನ್ನು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ವಿವರಿಸಬೇಕಿಲ್ಲ. ಲಬಕ್ ಕೈಬಿಡಲಿಲ್ಲ. 1904ರಲ್ಲಿ, ಎಪ್ಪತ್ತು ವರ್ಷದ ಮುದುಕನಾಗಿ, ಲಾರ್ಡ್ಸ್ ಸಭೆಯಲ್ಲಿದ್ದಾಗ, ಒಂದು ಊರಿನ ಮೂರರಲ್ಲಿ ಎರಡು ಪಾಲು ವರ್ತಕರು ಒಪ್ಪಿದರೆ ಸ್ಥಳೀಯ ಆಡಳಿತ ಅಂಗಡಿ ಮುಚ್ಚುವ ಹೊತ್ತನ್ನು ಗೊತ್ತುಪಡಿಸಬಹುದೆಂಬ ಕಾಯಿದೆ ಬಂದುದನ್ನು ಕಂಡ. ಸಹಾಯಕರಿಗೆ ವಾರಕ್ಕೆ ಅರ್ಧ ದಿನದ ಬಿಡುವು ಶಾಸನಬದ್ಧವಾದದ್ದು 1911ರಲ್ಲಿ. ಒಂದು ಸೋಮವಾರಕ್ಕೆ ಕೆಲವೇ ತಿಂಗಳು ಸಾಕಾದವು. ಅರ್ಧ ದಿನಕ್ಕೆ ಸುಮಾರು ನಲವತ್ತು ವರ್ಷ ಬೇಕಾದವು.

ಬದುಕಿದ್ದವರ ಕಾಲವನ್ನು ಕಾಯಹೊರಟವನು ಸತ್ತವರ ಕಾಲವನ್ನೂ ಕಾಯಲು ನಿಂತ. 1865ರಲ್ಲಿ ಪ್ರಕಟವಾದ ಅವನ ‘ಪ್ರಿ-ಹಿಸ್ಟಾರಿಕ್ ಟೈಮ್ಸ್’ ಶಿಲಾಯುಗವನ್ನು ಎರಡಾಗಿ ವಿಂಗಡಿಸಿ, ಹಳೆಯ ಶಿಲಾಯುಗ, ನವಶಿಲಾಯುಗ ಎಂದು ಇಂದು ನಾವು ಕರೆಯುವ ಅವಧಿಗಳಿಗೆ ಇಂಗ್ಲಿಷಿನ ಹೆಸರುಗಳನ್ನು ಟಂಕಿಸಿತು. ಬಳ್ಳಾರಿಯ ಬಳಿಯ ಸಂಗನಕಲ್ಲನ್ನು ನವಶಿಲಾಯುಗದ ನೆಲೆಯೆಂದು ನಮ್ಮ ಪಠ್ಯಪುಸ್ತಕಗಳು ಬರೆಯುವಾಗ ಲಂಡನ್ನಿನ ಈ ಬ್ಯಾಂಕರನ ಪದವನ್ನೇ ಕನ್ನಡದಲ್ಲಿ ನುಡಿಯುತ್ತಿರುತ್ತವೆ. ವಿಲ್ಟ್‌ಷೈರಿನ ಏವ್‌ಬರಿಯಲ್ಲಿ ಪ್ರಾಚೀನ ಶಿಲಾವೃತ್ತದ ನೆಲ ಮನೆ ಕಟ್ಟುವವರ ಪಾಲಾಗಲಿದೆಯೆಂದು ತಿಳಿದಾಗ ಅದನ್ನು ತಾನೇ ಕೊಂಡುಕೊಂಡ. ಆದರೆ ಒಬ್ಬನ ಹಣದ ಚೀಲದಿಂದ ದೇಶದ ಗತಕಾಲವನ್ನು ಕಾಯಲಾಗದೆಂದು ಬಲ್ಲವನಾಗಿ 1873ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಮಸೂದೆಯನ್ನು ಮಂಡಿಸಿದ. ನನ್ನ ಹೊಲದ ಕಲ್ಲಿನ ಮೇಲೆ ಸರ್ಕಾರಕ್ಕೇನು ಹಕ್ಕು ಎಂದು ಭೂಮಾಲಿಕರ ಸಭೆ ಮತ್ತೆ ಮತ್ತೆ ಅದನ್ನು ತಳ್ಳಿತು. 1882ರಲ್ಲಿ ಕಾಯಿದೆಯಾದಾಗ ಅದರ ಹಲ್ಲು ಉದುರಿತ್ತು. ಒಡೆಯ ತಾನಾಗಿ ಒಪ್ಪಿದರಷ್ಟೇ ಸ್ಮಾರಕ ಸರ್ಕಾರದ ಪಾಲನೆಗೆ ಬರುತ್ತಿತ್ತು. ಆದರೂ ಗತಕಾಲ ಖಾಸಗಿ ಸ್ವತ್ತು ಮಾತ್ರವಲ್ಲ ಎಂಬ ಮಾತು ಬ್ರಿಟನ್ನಿನ ಕಾನೂನಿನ ಪುಸ್ತಕದೊಳಗೆ ಬಂತು. 1900ರಲ್ಲಿ ಲಾರ್ಡ್ ಪದವಿ ದೊರೆತಾಗ ಅವನು ಆರಿಸಿಕೊಂಡ ಹೆಸರು ಏವ್‌ಬರಿ.

ಅವನ ವ್ಯಕ್ತಿತ್ವದ ಅತ್ಯಂತ ಆಕರ್ಷಕ ಮುಖ ಕಾಣುವುದು ಇರುವೆಗಳ ಸಂಗಡ. ಗಾಜಿನ ಹಲಗೆಗಳ ನಡುವೆ ಗೂಡು ಕಟ್ಟಿಸಿ, ಒಂದೊಂದು ಇರುವೆಗೂ ಬಣ್ಣದ ಬೊಟ್ಟಿಟ್ಟು, ಅವುಗಳ ಓಡಾಟವನ್ನು ವರ್ಷಗಟ್ಟಲೆ ದಾಖಲಿಸಿದ. ನಮಗೆ ಕಾಣದ ನೇರಳಾತೀತ ಬೆಳಕು ಇರುವೆಗಳಿಗೆ ಗೋಚರವಾಗುತ್ತದೆಂದು ತೋರಿಸಿಕೊಟ್ಟ. ಇರುವೆಗಳಿಗೆ ಅಮಲೇರಿಸಿ ನೋಡಿದ. ಅಮಲಿಲ್ಲದವು ತಮ್ಮ ಗೂಡಿನ ಗೆಳೆಯರನ್ನು ಬಹುಮಟ್ಟಿಗೆ ಮನೆಗೆ ಹೊತ್ತೊಯ್ದವು, ಪರಕೀಯರನ್ನು ನೀರಿಗೆ ಎಸೆದವು. ಅವನ ಬಳಿ ಒಂದು ರಾಣಿ ಇರುವೆ ಹದಿನಾಲ್ಕು ವರ್ಷಕ್ಕೂ ಹೆಚ್ಚು ಬದುಕಿತ್ತು.

ಇದೇ ತಾಳ್ಮೆ ಅವನಿಗೆ ದೂರದೇಶದ ಮನುಷ್ಯರ ವಿಷಯದಲ್ಲಿ ಇರಲಿಲ್ಲವೆಂಬುದು ನೋವಿನ ಸಂಗತಿ. ‘ಪ್ರಿ-ಹಿಸ್ಟಾರಿಕ್ ಟೈಮ್ಸ್’ ಗ್ರಂಥದಲ್ಲಿಯೂ 1870ರ ‘ದಿ ಒರಿಜಿನ್ ಆಫ್ ಸಿವಿಲೈಸೇಷನ್’ನಲ್ಲಿಯೂ ಆಫ್ರಿಕಾ, ಆಸ್ಟ್ರೇಲಿಯಾ, ಅಂಡಮಾನುಗಳ ಜನ ಶಿಲಾಯುಗದ ಮನುಷ್ಯನ ಜೀವಂತ ಪಳೆಯುಳಿಕೆಗಳಾಗಿ, ಏಣಿಯ ಕೆಳಮೆಟ್ಟಿಲಿನವರಾಗಿ ನಿಲ್ಲುತ್ತಾರೆ. ಪ್ರವಾಸಿಗರು, ಪಾದ್ರಿಗಳು, ನಾವಿಕರು ಬರೆದದ್ದನ್ನು ಓದಿ ಅವನು ಆ ತೀರ್ಪಿಗೆ ಬಂದ. ಇರುವೆಯ ನಡತೆಯನ್ನು ಕಣ್ಣಾರೆ ಕಾಣದೆ ಒಂದು ಸಾಲನ್ನೂ ಬರೆಯದವನು ಮನುಷ್ಯರ ವಿಷಯದಲ್ಲಿ ಕೇಳಿದ್ದನ್ನೇ ಸಾಕ್ಷ್ಯವೆಂದು ಒಪ್ಪಿಕೊಂಡ. ವಸಾಹತುಶಾಹಿ ಕಾಲದ ಉದಾರವಾದದ ಗಡಿ ಎಲ್ಲಿತ್ತೆಂದು ತಿಳಿಯಲು ಈ ಎರಡು ಬಗೆಯ ನೋಟಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು. 1886ರಲ್ಲಿ ಐರ್ಲೆಂಡಿನ ಸ್ವಯಮಾಡಳಿತದ ಪ್ರಶ್ನೆ ಬಂದಾಗಲೂ ಅವನು ಗ್ಲ್ಯಾಡ್‌ಸ್ಟನ್ನನನ್ನು ತೊರೆದು ವಿರೋಧಿಗಳ ಪಾಳೆಯ ಸೇರಿದ. ತನ್ನ ಗುಮಾಸ್ತನ ದಿನವನ್ನು ಅವನಿಗೇ ಬಿಟ್ಟುಕೊಡಬೇಕೆಂದವನು ಐರಿಷ್ ಜನರ ಆಡಳಿತವನ್ನು ಅವರಿಗೆ ಬಿಡಲು ಒಪ್ಪಲಿಲ್ಲ.

ಅದೇ ವರ್ಷದ ಇನ್ನೊಂದು ಪ್ರಸಂಗ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತ. ಲಂಡನ್ನಿನ ವರ್ಕಿಂಗ್ ಮೆನ್ಸ್ ಕಾಲೇಜಿನಲ್ಲಿ ದುಡಿಯುವ ಜನರ ಮುಂದೆ ಓದಿನ ಬಗ್ಗೆ ಮಾತಾಡುತ್ತ, ಓದಲೇಬೇಕಾದ ನೂರು ಪುಸ್ತಕಗಳ ಪಟ್ಟಿಯೊಂದನ್ನು ಅವನು ಮುಂದಿಟ್ಟ. ಅದರಲ್ಲಿ ಮಹಾಭಾರತ ಮತ್ತು ರಾಮಾಯಣಗಳ ಸಂಗ್ರಹರೂಪಗಳೂ ಕಾಳಿದಾಸನ ಶಾಕುಂತಲವೂ ಇದ್ದವು. ಕುರಾನೂ ಫಿರ್ದೌಸಿಯ ಶಾನಾಮೆಯೂ ಇದ್ದವು. ಪಟ್ಟಿ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೆಬ್ಬಿಸಿತು. ಜಾನ್ ರಸ್ಕಿನ್ ಅದರಲ್ಲಿನ ಹಲವು ಹೆಸರುಗಳ ಮೇಲೆ ಮಸಿಯ ಗೆರೆ ಎಳೆದು ಕಳುಹಿಸಿದ. ಪುಸ್ತಕಗಳನ್ನು ಎಣಿಸಿಕೊಡುವುದು ಬ್ಯಾಂಕರನ ಚಾಳಿಯೆಂದು ನಗುವುದು ಸುಲಭ. ಆದರೆ ಅವನ ಜೀವನದ ಜೊತೆಯಲ್ಲಿಟ್ಟು ನೋಡಿದಾಗ ಆ ಪಟ್ಟಿಗೆ ಬೇರೆ ಅರ್ಥ ಬರುತ್ತದೆ. ವಿರಾಮವನ್ನು ಶಾಸನ ಕೊಡಬಲ್ಲದು, ಅದರೊಳಗೆ ಏನನ್ನು ತುಂಬಬೇಕೆಂಬುದನ್ನು ಕೊಡಲಾರದು. ಆ ಪ್ರಶ್ನೆಗೆ ಅವನಿಗೆ ತಿಳಿದ ಉತ್ತರ ಪುಸ್ತಕ, ತೋಟ, ಇರುವೆ, ಕಲ್ಲು. ಹಾಗೆಂದು ಆಗಸ್ಟಿನ ಸೋಮವಾರ ಜನ ಪುಸ್ತಕ ಬಿಟ್ಟು ಸಮುದ್ರತೀರಕ್ಕೆ ಓಡಿದ್ದಕ್ಕೆ ಕಾಯಿದೆಯಲ್ಲಿ ಯಾವ ದಂಡವೂ ಇರಲಿಲ್ಲ. ಅದೇ ಆ ಕಾಯಿದೆಯ ದೊಡ್ಡತನ.

ಲಬಕ್ 1913ರ ಮೇ 28ರಂದು ತೀರಿಕೊಂಡ. ಮರುವರ್ಷ ಅವನ ಬ್ಯಾಂಕು ಕೂಟ್ಸ್ ಬ್ಯಾಂಕಿನಲ್ಲಿ ವಿಲೀನವಾಯಿತು. 1871ರ ಕಾಯಿದೆ ಸರಿಯಾಗಿ ನೂರು ವರ್ಷ ಬಾಳಿ 1971ರಲ್ಲಿ ಹೊಸ ಕಾಯಿದೆಗೆ ದಾರಿ ಬಿಟ್ಟಿತು. ಆಗಸ್ಟಿನ ರಜೆ ಇಂಗ್ಲೆಂಡಿನಲ್ಲಿ ತಿಂಗಳ ಮೊದಲ ಸೋಮವಾರದಿಂದ ಕೊನೆಯ ಸೋಮವಾರಕ್ಕೆ ಸರಿಯಿತು. ಬ್ಯಾಂಕ್ ಹಾಲಿಡೇ ಎಂಬ ಹೆಸರು ಮಾತ್ರ ಉಳಿದಿದೆ. ಬ್ಯಾಂಕಿನ ಮುಖವನ್ನೇ ನೋಡದವರೂ ಆ ದೇಶದಲ್ಲಿ ತಮ್ಮ ರಜೆಯನ್ನು ಹಾಗೆಯೇ ಕರೆಯುತ್ತಾರೆ.

ನಮ್ಮ 25ನೆಯ ಕಲಮಿಗೆ ಮರಳಿದರೆ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದು: ಲಬಕ್ ತಿರುಗಿಸಿದ್ದ ನಿಯಮವನ್ನು ನಮ್ಮ ಕಾಯಿದೆ ತಿರುಗಿಸಲಿಲ್ಲ. ಸಾರ್ವಜನಿಕ ರಜೆಯಂದು ವಾಯಿದೆ ಮುಗಿಯುವ ಹುಂಡಿ ಇಲ್ಲಿ ಹಿಂದಿನ ಕೆಲಸದ ದಿನವೇ ಸಲ್ಲತಕ್ಕದ್ದು. ನಮ್ಮ ಸಾಲಗಾರನಿಗೆ ಆ ಒಂದು ದಿನದ ಬಿಡುವು ಇಲ್ಲ. ಎರಡನೆಯದು: ರಜೆಗಳು ಆಯಾ ರಾಜ್ಯದ ಅಧಿಸೂಚನೆಯಂತೆ ಬರುವುದರಿಂದ ಹೊರನಾಡಿನ ಕನ್ನಡಿಗರ ಬಿಡುವು ನೆಲಸಿದ ನೆಲಕ್ಕೆ ಹೊಂದಿಕೊಂಡಿದೆ. ಪುಣೆಯ ಬ್ಯಾಂಕಿನಲ್ಲಿ ದುಡಿಯುವ ಧಾರವಾಡದವರಿಗೆ ಮೇ 1 ಮಹಾರಾಷ್ಟ್ರ ದಿನವೂ ಹೌದು, ನವೆಂಬರ್ 1 ಎಂದಿನಂತೆ ಕೆಲಸದ ದಿನ. ನಮ್ಮ ಸಂಘಗಳ ರಾಜ್ಯೋತ್ಸವ ನವೆಂಬರಿನ ಯಾವುದೋ ಭಾನುವಾರಕ್ಕೆ ಸರಿಯುವುದು ಇದರಿಂದಲೇ. ಅದರಲ್ಲಿ ಕೊರಗುವಂಥದು ಏನೂ ಇಲ್ಲ. ರಜೆಯ ನಿಜವಾದ ಹುರುಳು ತಾರೀಖಿನಲ್ಲಿಲ್ಲ, ಎಲ್ಲರಿಗೂ ಒಟ್ಟಿಗೆ ಬಿಡುವಿರುವುದರಲ್ಲಿದೆ. ಒಬ್ಬನೇ ಪಡೆದ ರಜೆಯಲ್ಲಿ ಸಭೆ ಸೇರುವುದಿಲ್ಲ. ಒಬ್ಬನೇ ಬಾಗಿಲು ಮುಚ್ಚಲಾರ ಎಂಬ ಬ್ಯಾಂಕರನ ಲೆಕ್ಕಾಚಾರದಿಂದ ಹೊರಟ ಲಬಕ್ ತಲುಪಿದ್ದೂ ಇದೇ ತಿಳಿವಿಗೆ. ಗಂಟೆಗಳಿಗೆ ಮಿತಿಯಿಲ್ಲದೆ, ವಾರದ ರಜೆಯೂ ಖಚಿತವಿಲ್ಲದೆ ಮನೆಬಾಗಿಲಿಗೆ ಊಟ, ದಿನಸಿ ತಲುಪಿಸುವ ಹುಡುಗರು ನಮ್ಮ ಮಹಾನಗರಗಳ ಪ್ರತಿ ಬೀದಿಯಲ್ಲೂ ಇರುವಾಗ, ಅವರೆಲ್ಲರಿಗೂ ಒಟ್ಟಿಗೆ ಒಂದು ಸೋಮವಾರವನ್ನು ಬಿಡಿಸಿಕೊಡಬಲ್ಲ ಕಲಂ ಯಾವ ಕಾಯಿದೆಯ ಸಂದಿಯಲ್ಲಿದೆಯೆಂದು ಯಾರಾದರೂ ಹುಡುಕಬೇಕಾಗಿದೆ.